ರೋಮನ್ ಲಿಪಿಯಲ್ಲಿ ಹಳಗನ್ನಡ: ಚುಕ್ಕಿ, ಗೆರೆ, ಸೊನ್ನೆ ಎಲ್ಲಾ ಚೆಲ್ಲಾಪಿಲ್ಲಿ. ಏನು ಮಾಡೋದು?

ಶಾಸನದಹುಚ್ಚು:

ಎಲ್ಲರಿಗೂ ನಮಸ್ಕಾರ. ಹಳಗನ್ನಡ ಶಾಸನಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ, ಹೊರದೇಶದ ಪತ್ರಿಕೆಗೆ. ಶಾಸನದ ಪಾಠವನ್ನು ರೋಮನ್ ಲಿಪಿಯಲ್ಲಿ, ಐಎಸ್‌ಒ 15919 ಪದ್ಧತಿಯಲ್ಲಿ ಕೊಡಿ ಎಂದಿದ್ದಾರೆ. ಗೊತ್ತಿಲ್ಲದವರಿಗೆ: ಣ ಬೇಕಾದರೆ ಎನ್ ಕೆಳಗೆ ಚುಕ್ಕಿ, ಳ ಬೇಕಾದರೆ ಎಲ್ ಕೆಳಗೆ ಚುಕ್ಕಿ, ಱ ಮತ್ತು ೞ ಗೆ ಆರ್, ಎಲ್ ಕೆಳಗೆ ಗೆರೆ, ಋ ಗೆ ಆರ್ ಕೆಳಗೆ ಪುಟ್ಟ ಸೊನ್ನೆ, ದೀರ್ಘ ಸ್ವರಗಳಿಗೆಲ್ಲ ತಲೆ ಮೇಲೆ ಗೆರೆ. ಇಲ್ಲಿ ರೋಮನ್ ಅಕ್ಷರ ಹಾಕದೆ ಹೀಗೆ ಮಾತಲ್ಲೇ ಹೇಳುತ್ತೇನೆ, ಇಲ್ಲಿ ಹಾಕಿದರೂ ಅವು ಯಾರ ಮೊಬೈಲಲ್ಲಿ ಹೇಗೆ ಕಾಣುತ್ತವೋ ದೇವರೇ ಬಲ್ಲ.

ನನ್ನ ಕಂಪ್ಯೂಟರಿನಲ್ಲಿ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಅವರು ಕಳಿಸಿದ ಪಿಡಿಎಫ್‌ನಲ್ಲಿ ಮಾತ್ರ ಋ ದ ಸೊನ್ನೆ ಆರ್ ಬಿಟ್ಟು ಪಕ್ಕದ ಅಕ್ಷರದ ಕಾಲಿಗೆ ಬಿದ್ದಿದೆ. ಕೆಲವು ಣ ಗಳು ಮಿಕ್ಕ ಅಕ್ಷರಕ್ಕಿಂತ ದಪ್ಪ. ಇನ್ನೊಂದು ವಿಚಿತ್ರ ಅಂದರೆ, ಚುಕ್ಕಿ ಇರುವ ಪದ ಹುಡುಕಿದರೆ ಅರ್ಧ ಜಾಗದಲ್ಲಿ ಸಿಗುತ್ತದೆ, ಇನ್ನರ್ಧದಲ್ಲಿ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಗೆಳೆಯರೊಬ್ಬರು ಕಳಿಸಿದ ಭಾಗದಲ್ಲಂತೂ ಣ ಇರಬೇಕಾದ ಕಡೆಯೆಲ್ಲ ಗೀಟು ಹೊತ್ತ ಎ, ಒಂದು ಪುಟಾಣಿ 1, ಆಮೇಲೆ ಎರಡು ಅಡ್ಡಗೆರೆಯ ಶಿಲುಬೆ. ಇದೆಲ್ಲ ಒಂದೇ ರೋಗವೋ, ಬೇರೆ ಬೇರೆಯೋ?

ಕೋಡ್‌ಗುಬ್ಬಿ:

ಬೇರೆ ಬೇರೆ. ಮೊದಲು ಹುಡುಕಾಟದ್ದು, ಯಾಕೆಂದರೆ ಅದು ಸುಲಭ.

ಚುಕ್ಕಿ ಇರುವ ಎನ್ ಅನ್ನು ಯೂನಿಕೋಡ್‌ನಲ್ಲಿ (ಎಲ್ಲಾ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿ ಅದು) ಎರಡು ರೀತಿ ಬರೆಯಬಹುದು. ಒಂದು, ಇಡೀ ಅಕ್ಷರಕ್ಕೇ ಒಂದು ಸಂಖ್ಯೆ: 1ಇ47. (ಹೆಕ್ಸ್ ಲೆಕ್ಕ, ಅದರಲ್ಲಿ ಎ ಯಿಂದ ಎಫ್ ವರೆಗಿನ ಅಕ್ಷರಗಳೂ ಅಂಕಿಗಳೇ.) ಎರಡು, ಮಾಮೂಲಿ ಎನ್ ಹಾಕಿ ಅದರ ಹಿಂದೆಯೇ 'ಕೆಳಗೊಂದು ಚುಕ್ಕಿ' ಅನ್ನುವ ಪ್ರತ್ಯೇಕ ಸಂಖ್ಯೆ 0323 ಹಾಕುವುದು. ಎರಡೂ ಸರಿ. ಪರದೆ ಮೇಲೆ ಎರಡೂ ಒಂದೇ ಥರ ಕಾಣಬೇಕು ಅನ್ನುವುದೂ ನಿಯಮ. ಆದರೆ ಒಳಗಿರುವ ಬೈಟುಗಳು, ಅಂದರೆ ಕಂಪ್ಯೂಟರ್ ಅಕ್ಷರವನ್ನು ಉಳಿಸಿಡುವ ತುಣುಕುಗಳು, ಬೇರೆ, ಹಾಗಾಗಿ ಬೈಟು ಬೈಟು ಹೋಲಿಸುವ ತಂತ್ರಾಂಶಕ್ಕೆ ಇವು ಎರಡು ಬೇರೆ ಪದ. ನೀವು ಕೀಬೋರ್ಡಿನಲ್ಲಿ ಒತ್ತಿದ್ದು ಒಂದು ರೂಪ, ಎಲ್ಲಿಂದಲೋ ನಕಲು ಮಾಡಿ ತಂದದ್ದು ಇನ್ನೊಂದು ರೂಪ ಇರಬೇಕು.

ಪರಿಹಾರಕ್ಕೆ ನಾರ್ಮಲೈಸೇಷನ್ ಅಂತಾರೆ. ಎನ್‌ಎಫ್‌ಸಿ ಅಂದರೆ ಕೂಡಿಸಬಹುದಾದದ್ದನ್ನೆಲ್ಲ ಕೂಡಿಸಿದ ರೂಪ, ಎನ್‌ಎಫ್‌ಡಿ ಅಂದರೆ ಬಿಡಿಸಿದ ರೂಪ. ಇಡೀ ಕಡತವನ್ನು ಒಂದು ಸಲ ಎನ್‌ಎಫ್‌ಸಿಗೆ ತನ್ನಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಸಾಲಿನ ಕೆಲಸ, ಬೇಕಾದರೆ ಬರೆದು ಕೊಡುತ್ತೇನೆ.

ಮ್ಯಾಕ್ ಬಳಸಿದವರು ಯಾರಾದರೂ ಕಡತ ಕೊಟ್ಟಿದ್ದಾರಾ? ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಫೈಲಿನ ಹೆಸರುಗಳನ್ನೆಲ್ಲ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಫೈಲಿನ ಹೆಸರು ನಕಲು ಮಾಡಿ ಪಟ್ಟಿ ತಯಾರಿಸಿದರೆ ಇದೇ ತೊಂದರೆ ಬರುತ್ತದೆ.

ಹಳೇಡಿಟಿಪಿ:

ಗುಬ್ಬಿಯವರು ಸರಿಯಾಗಿ ಹೇಳಿದರು. ಆದರೆ ಈ ಗೀಟು ಹೊತ್ತ ಎ ಅಂದ ಕೂಡಲೇ ನನಗೆ ಬೇರೆ ನೆನಪು. ಕನ್ನಡಿಗರು ಈ ಯುರೋಪಿನ ಅಕ್ಷರಗಳನ್ನು ಕಂಡದ್ದೇ 'ನುಡಿ', 'ಬರಹ' ಅನ್ನುವ ಕನ್ನಡ ತಂತ್ರಾಂಶಗಳ ಫೈಲುಗಳಲ್ಲಿ ಅಲ್ವಾ? ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಅನ್ನುವ ಪದ ತೆರೆದರೆ ಏನು ಕಾಣುತ್ತಿತ್ತು ಹೇಳಿ: ದೊಡ್ಡ ಪಿ, ಎಡಕ್ಕೆ ವಾಲಿದ ಗೀಟಿನ ದೊಡ್ಡ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಅದೇ ಎ. ಡಿಟಿಪಿ ಅಂಗಡಿಯವರಿಗೆ ಇದು ಎಷ್ಟು ಬಾಯಿಪಾಠ ಆಗಿತ್ತೆಂದರೆ ಫಾಂಟ್ ಇಲ್ಲದೆಯೂ 'ಕನ್ನಡ'ವನ್ನು ಓದುತ್ತಿದ್ದೆವು.

ಅದರ ಗುಟ್ಟು ಇಷ್ಟೇ. ಆಗಿನ ಫಾಂಟಿನಲ್ಲಿ ಇದ್ದದ್ದು 256 ಮನೆ. ಅದರಲ್ಲಿ ಕೆಲವು ಮುಟ್ಟುವ ಹಾಗಿಲ್ಲ. ಇಷ್ಟರಲ್ಲೇ ಕನ್ನಡದ ಗುಣಿತ, ಒತ್ತು ಎಲ್ಲಾ ತುಂಬಿಸಬೇಕು. ಅದಕ್ಕೆ ಅಕ್ಷರವನ್ನೇ ತುಂಡು ಮಾಡಿದರು. ತಲೆಕಟ್ಟಿಲ್ಲದ ಕ ಹೋಗಿ ಪಿ ಮನೆಯಲ್ಲಿ ಕೂತಿತು, ತಲೆಕಟ್ಟು ಆ ಗೀಟಿನ ಎ ಮನೆಯಲ್ಲಿ, ನ ಒತ್ತು ಜರ್ಮನರ ಮನೆಯಲ್ಲಿ. ಕಂಪ್ಯೂಟರಿನ ಪಾಲಿಗೆ ಅದು ಯಾವತ್ತೂ ಕನ್ನಡ ಆಗಿರಲೇ ಇಲ್ಲ. ವೇಷ ಮಾತ್ರ ಕನ್ನಡ.

ಕೋಡ್‌ಗುಬ್ಬಿ:

ಒಳ್ಳೆಯ ಕಡೆಗೆ ಎಳೆದಿರಿ. ಗೆಳೆಯರ ಫೈಲಿನ ತೊಂದರೆ ಇದಕ್ಕೆ ಹತ್ತಿರದ್ದೇ, ಆದರೆ ಕಾರಣ ಬೇರೆ.

ಯೂನಿಕೋಡ್ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡಲು ಯುಟಿಎಫ್-8 ಅಂತ ಒಂದು ಪದ್ಧತಿ, 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಸೇರಿ ಹೊಂದಿಸಿದ್ದು. ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟದ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿದ್ದು ಅನ್ನುವ ಕಥೆಯನ್ನು ಪೈಕ್ ಅವರೇ ಹೇಳಿದ್ದಾರೆ. ಅದರಲ್ಲಿ ಮಾಮೂಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು. ಫ್ರೆಂಚ್, ಜರ್ಮನ್‌ನ ಗೀಟು ಅಕ್ಷರಗಳಿಗೆ ಎರಡು. ನಮ್ಮ ಕನ್ನಡ ಅಕ್ಷರಕ್ಕೆ ಮೂರು. ಚುಕ್ಕಿ ಇರುವ ಎನ್‌ಗೂ ಮೂರೇ. (ತಮಾಷೆ ನೋಡಿ, ಬಿಡಿಸಿ ಬರೆದರೂ ಎನ್‌ಗೆ ಒಂದು, ಚುಕ್ಕಿಗೆ ಎರಡು, ಒಟ್ಟು ಮೂರೇ. ಕನ್ನಡದ ಣ ಕೂಡ ಮೂರು. ಜಾಗ ಉಳಿಸಲು ರೋಮನ್ ಬಳಸುತ್ತೇವೆ ಅನ್ನುವವರಿಗೆ ಣ ವಿಷಯದಲ್ಲಿ ಒಂದು ಬೈಟೂ ಉಳಿಯುವುದಿಲ್ಲ.)

ಈ ಮೂರು ಬೈಟುಗಳನ್ನು ಹಳೆಯ ವಿಂಡೋಸ್ 1252 ಪಟ್ಟಿ ಹಿಡಿದು ಒಂದೊಂದಾಗಿ ಓದಿದರೆ ಮೂರು ಬೇರೆ ಬೇರೆ ಅಕ್ಷರ ಬರುತ್ತವೆ. ಅದೇ ನಿಮ್ಮ ಗೀಟಿನ ಎ, ಪುಟಾಣಿ 1, ಜೋಡಿ ಶಿಲುಬೆ. ಯಾವ ಕಸ ಕಾಣುತ್ತಿದೆ ಅನ್ನುವುದರಿಂದಲೇ ಕಾಯಿಲೆ ಗುರುತು ಹಿಡಿಯಬಹುದು. ದೊಡ್ಡ ಎ, ಎಡಕ್ಕೆ ವಾಲಿದ ಗೀಟು, ಸಾಲಿಗೆ ಹತ್ತು ಸಲ ಕಂಡರೆ ಅದು ನುಡಿ ಥರದ ಹಳೆಯ ಫಾಂಟಿನ ಕನ್ನಡ. ಸಣ್ಣ ಎ, ಎಡಕ್ಕೆ ವಾಲಿದ ಗೀಟು, ಅದರ ಪಕ್ಕ ಪುಟಾಣಿ 2 ಅಥವಾ 3 ಬರುತ್ತಲೇ ಇದ್ದರೆ ಅದು ಯೂನಿಕೋಡ್ ಕನ್ನಡವೇ, ತಪ್ಪು ಪಟ್ಟಿ ಹಿಡಿದು ಓದಿದ್ದು. ಸಣ್ಣ ಎ ಮೇಲೆ ಬಲಕ್ಕೆ ವಾಲಿದ ಗೀಟು, ಪಕ್ಕದಲ್ಲಿ ಪುಟಾಣಿ 1 ಇದ್ದರೆ ಚುಕ್ಕಿ ಹಾಕಿದ ರೋಮನ್, ಅದೂ ತಪ್ಪು ಓದು.

ಕೊನೆಯ ಎರಡಕ್ಕೆ ಮದ್ದು ಒಂದೇ. ಮೂಲ ಫೈಲನ್ನು ಯುಟಿಎಫ್-8 ಎಂದು ಹೇಳಿ ತೆರೆಯುವುದು. ಕಸವನ್ನು ಹುಡುಕಿ-ಬದಲಿಸಿ ಸರಿ ಮಾಡಲು ಹೋಗಬೇಡಿ, ಯಾಕೆಂದರೆ 1252 ಪಟ್ಟಿಯಲ್ಲಿ ಐದು ಮನೆ ಖಾಲಿ ಇವೆ. ತಲೆ ಮೇಲೆ ಗೆರೆ ಇರುವ ಎ, ಅಂದರೆ ನಿಮ್ಮ ಆ, ಅದರ ಎರಡನೆಯ ಬೈಟು ಸರಿಯಾಗಿ ಇಂಥ ಖಾಲಿ ಮನೆಯಲ್ಲೇ ಬೀಳುತ್ತದೆ. ಚುಕ್ಕಿ ಇರುವ ಡಿ, ಅಂದರೆ ಡ, ಅದರ ಮೂರನೆಯ ಬೈಟೂ ಅಷ್ಟೇ. ಕೆಲವು ತಂತ್ರಾಂಶಗಳು ಆ ಬೈಟನ್ನು ಸುಮ್ನೆ ಬಿಸಾಕುತ್ತವೆ. ಬಿಸಾಕಿ ಉಳಿಸಿದ ಮೇಲೆ ಅಲ್ಲಿ ಮೊದಲು ಏನಿತ್ತೆಂದು ಪತ್ತೆ ಮಾಡುವುದು ಕಷ್ಟ.

ನೇರನುಡಿ:

ಇಷ್ಟೆಲ್ಲ ಒದ್ದಾಟ ಯಾಕ್ರೀ? ಕನ್ನಡ ಶಾಸನವನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ನಮ್ಮ ಲಿಪಿಗೆ ಯೂನಿಕೋಡ್ ಇದೆ, ಫಾಂಟ್ ಇದೆ, ಎಲ್ಲಾ ಇದೆ. ಅವರಿಗೆ ಓದಲು ಬೇಕಾದರೆ ಕಲಿಯಲಿ. ಎನ್ ಕೆಳಗೆ ಚುಕ್ಕಿ ಇಟ್ಟು ಣ ಅನ್ನುವುದು ಇಂಗ್ಲಿಷರ ಕಾಲದ ಚಾಳಿ.

ಶಾಸನದಹುಚ್ಚು:

ನೇರನುಡಿಯವರೇ, ಕನ್ನಡ ಪಾಠವನ್ನೂ ಕೊಡುತ್ತಿದ್ದೇನೆ. ಆದರೆ ಈ ಲೇಖನದಲ್ಲಿ ತಮಿಳು, ತೆಲುಗು ಶಾಸನಗಳ ಪದಗಳೂ ಪಕ್ಕಪಕ್ಕ ಬರುತ್ತವೆ. ಒಂದು ಪದದ ೞ ತಮಿಳಿನಲ್ಲಿ ಹಾಗೇ ಉಳಿದು, ಕನ್ನಡದಲ್ಲಿ ಮುಂದೆ ಳ ಆದದ್ದನ್ನು ತೋರಿಸಬೇಕು. ಮೂರು ಲಿಪಿಯಲ್ಲಿ ಕೊಟ್ಟರೆ ಮೂರೂ ಬಲ್ಲವರಿಗೆ ಮಾತ್ರ ಕಾಣುತ್ತದೆ. ಒಂದೇ ಲಿಪಿಯಲ್ಲಿದ್ದರೆ ಗೆರೆ ಹೋಗಿ ಚುಕ್ಕಿ ಬಂದದ್ದು ಯಾರ ಕಣ್ಣಿಗೂ ಬೀಳುತ್ತದೆ. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಹಳೆಯ ಸಂಪುಟಗಳಲ್ಲೂ ರೋಮನ್ ಪಾಠ, ಕನ್ನಡ ಪಾಠ ಎರಡೂ ಇವೆ. ಒಂದು ಇದ್ದರೆ ಇನ್ನೊಂದು ಬೇಡ ಅಂತೇನಿಲ್ಲ.

ಗುಬ್ಬಿಯವರೇ, ಗೆಳೆಯರ ಫೈಲನ್ನು ನೀವು ಹೇಳಿದ ಹಾಗೆ ತೆರೆದೆ. ಎಲ್ಲಾ ಬಂತು, ಆ ಕೂಡ ಬಂತು. ಧನ್ಯವಾದ. ಆದರೆ ಎನ್‌ಎಫ್‌ಸಿ ಮಾಡಿದ ಮೇಲೂ ಋ ದ ಸೊನ್ನೆ ಮಾತ್ರ ಬೇರೆಯೇ ನಿಂತಿದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲು ಸೊನ್ನೆ ಹೋಗುತ್ತದೆ, ಆಮೇಲೆ ಆರ್. ಬಾಕಿ ಅಕ್ಷರಗಳು ಒಂದೇ ಏಟಿಗೆ ಹೋಗುತ್ತವೆ.

ಕೋಡ್‌ಗುಬ್ಬಿ:

ಅದು ಹಾಗೇ ಇರುತ್ತದೆ. ಕೆಳಗೆ ಸೊನ್ನೆ ಇರುವ ಆರ್‌ಗೆ ಯೂನಿಕೋಡ್‌ನಲ್ಲಿ ಒಂಟಿ ಸಂಖ್ಯೆ ಇಲ್ಲವೇ ಇಲ್ಲ. ಆರ್ ಹಾಕಿ 0325 ಹಾಕಬೇಕು, ಬೇರೆ ದಾರಿ ಇಲ್ಲ. ಕೆಳಗೆ ಚುಕ್ಕಿ ಇರುವ ಆರ್‌ಗೆ ಮಾತ್ರ ಒಂಟಿ ಸಂಖ್ಯೆ ಇದೆ, 1ಇ5ಬಿ.

ಮಲ್ಲಿಗೆಬಳ್ಳಿ:

ಹಾಗಾದರೆ ಚುಕ್ಕಿ ಇರುವ ಆರ್ ಅನ್ನೇ ಋ ಗೆ ಬಳಸಿದರೆ ಆಗಲ್ವಾ? ಸಂಸ್ಕೃತದವರು ಹಾಗೇ ಬರೆಯುತ್ತಾರಲ್ಲ. ನನ್ನ ಸಂಸ್ಕೃತ ಪುಸ್ತಕಗಳಲ್ಲೆಲ್ಲ 'ಕೃಷ್ಣ'ಕ್ಕೆ ಆರ್ ಕೆಳಗೆ ಚುಕ್ಕಿಯೇ ಇದೆ.

ಶಾಸನದಹುಚ್ಚು:

ಅದು ಐಎಎಸ್‌ಟಿ ಪದ್ಧತಿ ಮೇಡಂ. 1894ರ ಜಿನೀವಾ ಸಮ್ಮೇಳನದಲ್ಲಿ ಒಪ್ಪಿದ ಕ್ರಮದಿಂದ ಬಂದದ್ದು, ಸಂಸ್ಕೃತ ಒಂದಕ್ಕೇ ಆದರೆ ಚೆನ್ನಾಗಿದೆ. ಬೇರೆ ಭಾಷೆ ಸೇರಿಸಿದ ಕೂಡಲೇ ಜಗಳ ಶುರು. ಎಲ್ ಕೆಳಗೆ ಚುಕ್ಕಿ ಅಂದರೆ ಐಎಎಸ್‌ಟಿಯಲ್ಲಿ ಌ, ಅಂದರೆ 'ಕ್ಲೃಪ್ತ'ದಲ್ಲಿ ಬರುವ ಸ್ವರ. ನಮಗೆ ಅದೇ ಗುರುತು ಳ ಗೆ ಬೇಕು. ಕನ್ನಡದಲ್ಲಿ ಳ ಹೆಜ್ಜೆಗೊಂದು ಸಿಗುತ್ತದೆ. ಆರ್ ಕೆಳಗಿನ ಚುಕ್ಕಿಯೂ ಹಾಗೇ, ಅದು ಹಿಂದಿಯ ಒಂದು ಡ ಗೆ ಬೇಕು, 'ಲಡ್ಕಾ' ಅನ್ನುವಾಗ ಬರುತ್ತದಲ್ಲ ಅದಕ್ಕೆ. ಆದ್ದರಿಂದ 2001ರಲ್ಲಿ ಐಎಸ್‌ಒ 15919 ಮಾಡಿದವರು ಈ ಸ್ವರಗಳಿಗೆ ಸೊನ್ನೆ ಕೊಟ್ಟು ವ್ಯಂಜನಗಳಿಗೆ ಚುಕ್ಕಿ ಬಿಟ್ಟರು. ಅಮೆರಿಕದ ಗ್ರಂಥಾಲಯಗಳ ಪದ್ಧತಿಯಲ್ಲೂ ಋ ಗೆ ಸೊನ್ನೆಯೇ.

ಟೆಸ್ಟಿಂಗ್‌ತಿಮ್ಮ:

ಗುರುಗಳೇ, ಈ ಚುಕ್ಕಿ ಜಗಳ ನಿಮ್ಮದು ಮಾತ್ರ ಅಲ್ಲ. ಊಟಕ್ಕೆ ದಾರಿ ಆಗಿರುವುದೇ ಇಂಥ ಅಕ್ಷರಗಳು ನನಗೆ. ಬೆಂಗಳೂರಲ್ಲಿ ಕೂತು ಯುರೋಪಿನ ಗ್ರಾಹಕರ ತಂತ್ರಾಂಶ ಪರೀಕ್ಷೆ ಮಾಡುತ್ತೇನೆ.

ಟರ್ಕಿ ನೋಡಿ. 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್‌ಗೆ ಬಂದಾಗ ಅವರು ಐ ಅಕ್ಷರವನ್ನು ಎರಡು ಮಾಡಿಕೊಂಡರು. ಚುಕ್ಕಿ ಇರುವುದು ಒಂದು ಸ್ವರ, ಚುಕ್ಕಿ ಇಲ್ಲದ್ದು ಇನ್ನೊಂದು ಸ್ವರ. ಸಣ್ಣಕ್ಷರ, ದೊಡ್ಡಕ್ಷರ ಎರಡರಲ್ಲೂ ಈ ಭೇದ ಉಳಿಯುತ್ತದೆ. ಇಸ್ತಾಂಬುಲ್ ಅನ್ನುವ ಹೆಸರಿನ ದೊಡ್ಡ ಐ ಮೇಲೂ ಅವರ ಪ್ರಕಾರ ಚುಕ್ಕಿ ಇರಲೇಬೇಕು. ಎಷ್ಟು ಒಪ್ಪವಾದ ಯೋಚನೆ! ಆದರೆ ಎನ್‌ಕೋಡಿಂಗ್ ಮಾಡುವಾಗ ಹೊಸದಾಗಿ ಸಂಖ್ಯೆ ಸಿಕ್ಕಿದ್ದು ಎರಡಕ್ಕೆ ಮಾತ್ರ, ಚುಕ್ಕಿ ಇರುವ ದೊಡ್ಡದಕ್ಕೆ 0130, ಚುಕ್ಕಿ ಇಲ್ಲದ ಸಣ್ಣದಕ್ಕೆ 0131. ಬಾಕಿ ಎರಡು ಇಂಗ್ಲಿಷಿನ ಮಾಮೂಲಿ ಐಗಳೇ. ಪರಿಣಾಮ ಏನು? ಇಂಗ್ಲಿಷಿನ ದೊಡ್ಡ ಐ ಅನ್ನು ಸಣ್ಣದು ಮಾಡು ಅಂದರೆ ಭಾಷೆ ಯಾವುದು ಅಂತ ಕೇಳಲೇಬೇಕು. ಭಾಷೆ ಟರ್ಕಿಶ್ ಎಂದು ಹೊಂದಿಸಿದ ಯಂತ್ರದಲ್ಲಿ 'ಫೈಲ್' ಅನ್ನುವ ಇಂಗ್ಲಿಷ್ ಪದವನ್ನು ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ತಂದರೆ ನಡುವಿನ ಐ ತಲೆ ಬೋಳಾಗುತ್ತದೆ. ಆಮೇಲೆ ಪ್ರೋಗ್ರಾಂ ಅದನ್ನು ತನ್ನ ಆಜ್ಞೆಗಳ ಪಟ್ಟಿಯಲ್ಲಿ ಹುಡುಕಿ, ಸಿಗದೆ, ಕುಸಿದು ಬೀಳುತ್ತದೆ. ಬಳಸುವವನಿಗೆ ಯಾಕೆಂದೇ ತಿಳಿಯುವುದಿಲ್ಲ. ಜಾವಾ ಪ್ರೋಗ್ರಾಂಗಳಲ್ಲಿ ಭಾಷೆ ಹೇಳದೆ ಸಣ್ಣಕ್ಷರಕ್ಕೆ ತರುವ ಕೋಡ್ ಕಂಡರೆ ನಾನು ಮೊದಲು ಟರ್ಕಿಶ್ ಹಾಕಿ ಓಡಿಸುತ್ತೇನೆ. ಬಹಳ ಸಲ ಬೇಟೆ ಸಿಗುತ್ತದೆ.

ರೊಮೇನಿಯಾದ್ದು ಇನ್ನೊಂದು ಥರ. ಅವರ ಭಾಷೆಯಲ್ಲಿ ಎಸ್ ಮತ್ತು ಟಿ ಕೆಳಗೆ ಅಲ್ಪವಿರಾಮ ಬರುತ್ತದೆ, ಅಕ್ಷರಕ್ಕೆ ಅಂಟದೆ. ಟರ್ಕಿಯವರ ಎಸ್ ಕೆಳಗೆ ಅಂಟಿಕೊಂಡ ಕೊಕ್ಕೆ. ಮೊದಲಿದ್ದ ಪಟ್ಟಿಗಳಲ್ಲಿ, ಯೂನಿಕೋಡ್‌ನಲ್ಲೂ, ಎರಡೂ ಒಂದೇ ಎಂದು ಕೊಕ್ಕೆಯ ಸಂಖ್ಯೆಯನ್ನೇ ಕೊಟ್ಟರು. 1999ರಲ್ಲಿ ಬಂದ ಯೂನಿಕೋಡ್ 3.0ದಲ್ಲಿ ಅಲ್ಪವಿರಾಮದವಕ್ಕೆ ಪ್ರತ್ಯೇಕ ಸಂಖ್ಯೆ ಸಿಕ್ಕಿತು, 0218ರಿಂದ 021ಬಿ ವರೆಗೆ. ಸಿಕ್ಕಿದರೆ ಆಯಿತಾ? ವಿಂಡೋಸ್ ಎಕ್ಸ್‌ಪಿಯ ಫಾಂಟುಗಳಲ್ಲಿ ಆ ಅಕ್ಷರಗಳೇ ಇರಲಿಲ್ಲ. ಸರಿಯಾಗಿ ಬರೆದವನ ಪುಟದಲ್ಲಿ ಚೌಕ, ತಪ್ಪಾಗಿ ಬರೆದವನ ಪುಟ ನೀಟು. ಜನ ಯಾವುದನ್ನು ಆರಿಸುತ್ತಾರೆ ಹೇಳಿ! 2007ರಲ್ಲಿ ವಿಂಡೋಸ್ ವಿಸ್ತಾ ಬರುವ ಹೊತ್ತಿಗೆ ಕೊಕ್ಕೆಯಲ್ಲಿ ಬರೆದ ರೊಮೇನಿಯನ್ ರಾಶಿ ಬಿದ್ದಿತ್ತು. ಅದಕ್ಕೇ ರೊಮೇನಿಯನ್ ಹುಡುಕಾಟ ಮಾಡುವ ತಂತ್ರಾಂಶ ಇವತ್ತಿಗೂ ಎರಡನ್ನೂ ಒಂದೇ ಎಂದು ಹಿಡಿಯಬೇಕು. ಎನ್‌ಎಫ್‌ಸಿ ಇಲ್ಲಿ ಕೆಲಸಕ್ಕೆ ಬಾರದು. ಇವೆರಡು ಬೇರೆ ಅಕ್ಷರ ಎಂದೇ ಅದರ ಲೆಕ್ಕ.

ಬರ್ಲಿನ್‌ಭಾಗ್ಯ:

ತಿಮ್ಮಣ್ಣ, ಜರ್ಮನಿ ಬಿಟ್ಟುಬಿಟ್ಟಿರಿ. ಇಲ್ಲಿಗೆ ಬಂದು ರಸ್ತೆ ಬೋರ್ಡು ನೋಡಿದಾಗ ನನಗೆ ಹೊಳೆದದ್ದು ಅದೇ ಹಳೇಡಿಟಿಪಿಯವರು ಹೇಳಿದ ನ ಒತ್ತು! ರಸ್ತೆಗೆ ಇವರು 'ಸ್ಟ್ರಾಸೆ' ಅನ್ನುತ್ತಾರೆ, ಅದರಲ್ಲಿ ಆ ಅಕ್ಷರ ಇದೆ. ಹಾಗಾಗಿ ಊರೆಲ್ಲ ನ ಒತ್ತು.

ಈ ಅಕ್ಷರಕ್ಕೆ ಬಹಳ ಕಾಲ ದೊಡ್ಡಕ್ಷರವೇ ಇರಲಿಲ್ಲ, ಪದದ ಮೊದಲಲ್ಲಿ ಬರುವುದೇ ಇಲ್ಲವಲ್ಲ. ಇಡೀ ಪದವನ್ನು ದೊಡ್ಡಕ್ಷರದಲ್ಲಿ ಬರೆಯಬೇಕಾದಾಗ ಎರಡು ಎಸ್ ಹಾಕುತ್ತಿದ್ದರು. ಈಗಲೂ ಕಂಪ್ಯೂಟರಿಗೆ ದೊಡ್ಡದು ಮಾಡು ಅಂದರೆ ಅದು ಎರಡು ಎಸ್ ಕೊಡುತ್ತದೆ. ಅಂದರೆ ಪದ ಒಂದು ಅಕ್ಷರ ಉದ್ದವಾಯಿತು, ಮತ್ತೆ ಸಣ್ಣದು ಮಾಡಿದರೆ ಹಳೆಯದು ವಾಪಸ್ ಬರಲ್ಲ. 2008ರಲ್ಲಿ ಯೂನಿಕೋಡ್ 5.1 ಇದರ ದೊಡ್ಡ ರೂಪಕ್ಕೆ 1ಇ9ಇ ಸಂಖ್ಯೆ ಕೊಟ್ಟಿತು. 2017ರ ಜೂನ್‌ನಲ್ಲಿ ಜರ್ಮನ್ ಕಾಗುಣಿತ ಮಂಡಳಿ ಅದನ್ನು ಅಧಿಕೃತವಾಗಿ ಒಪ್ಪಿತು. ಅಕ್ಷರ ಮೊದಲು ಕಂಪ್ಯೂಟರಿಗೆ ಬಂದು, ಆಮೇಲೆ ಕಾಗುಣಿತಕ್ಕೆ ಬಂದದ್ದು ನನಗಂತೂ ಮಜಾ ಅನಿಸುತ್ತದೆ. ಸ್ವಿಟ್ಜರ್ಲೆಂಡಿನವರಿಗೆ ಈ ತಲೆನೋವೇ ಇಲ್ಲ, ಅವರು ಯಾವಾಗಲೂ ಎರಡು ಎಸ್.

ಪಾಸ್‌ಪೋರ್ಟಿನ ಕೆಳಗಡೆ ಯಂತ್ರ ಓದುವ ಎರಡು ಸಾಲು ಇರುತ್ತಲ್ಲ, ಅಲ್ಲಿ ಎ ಯಿಂದ ಝಡ್, ಅಂಕಿಗಳು, ಮತ್ತೆ ಒಂದು ಬಾಣದ ಮೂತಿ, ಅಷ್ಟಕ್ಕೇ ಅವಕಾಶ. ಆದ್ದರಿಂದ ಮೇಲೆ ಒಂದು ಹೆಸರು, ಕೆಳಗೆ ಸ್ವಲ್ಪ ಬೇರೆ ಹೆಸರು ಇರುವ ಜನ ಇಲ್ಲಿ ಬಹಳ. ವಿಮಾನದ ಟಿಕೆಟ್ ತೆಗೆಯುವಾಗ ಯಾವುದನ್ನು ಬರೆಯಬೇಕು ಅಂತ ನನ್ನ ಸಹೋದ್ಯೋಗಿಗೆ ಪ್ರತಿ ಸಲ ಗೊಂದಲ. ಕೆಳಗಿನದ್ದೇ ಬರಿ ಅಂತ ನಾನು ಹೇಳುತ್ತೇನೆ.

ಮಲ್ಲಿಗೆಬಳ್ಳಿ:

ಭಾಗ್ಯ ಅವರೇ, ಜರ್ಮನರು ಕೇಳಿದರೆ ಹೊಸ ಅಕ್ಷರ ಸಿಗುತ್ತೆ, ರೊಮೇನಿಯಾದವರು ಕೇಳಿದರೆ ಸಿಗುತ್ತೆ. ನಮ್ಮ ಋ ಗೆ ಸೊನ್ನೆ ಇರುವ ಆರ್ ಕೇಳಿದರೆ ಯಾಕೆ ಕೊಡಲ್ಲ? ಯಾರೂ ಕೇಳಿಲ್ಲವೋ, ಕೇಳಿದರೂ ಕೊಟ್ಟಿಲ್ಲವೋ?

ಕೋಡ್‌ಗುಬ್ಬಿ:

ಕೊಡುವ ಹಾಗಿಲ್ಲ. ಜರ್ಮನರ ದೊಡ್ಡಕ್ಷರವನ್ನು ಬೇರೆ ಅಕ್ಷರ ಮತ್ತು ಗುರುತು ಕೂಡಿಸಿ ಬರೆಯಲು ಆಗುತ್ತಿರಲಿಲ್ಲ, ಅದಕ್ಕೆ ಸಿಕ್ಕಿತು. ಆರ್ ಮತ್ತು ಸೊನ್ನೆಯನ್ನು ಈಗಾಗಲೇ ಕೂಡಿಸಿ ಬರೆಯಬಹುದು. ಈಗ ಹೊಸ ಒಂಟಿ ಸಂಖ್ಯೆ ಕೊಟ್ಟರೆ ಒಂದೇ ಅಕ್ಷರಕ್ಕೆ ಎರಡು ರೂಪ ಆಗುತ್ತದೆ, ಮೊದಲೇ ಎನ್‌ಎಫ್‌ಸಿ ಮಾಡಿಟ್ಟ ಕೋಟ್ಯಂತರ ಕಡತಗಳ ಲೆಕ್ಕ ತಪ್ಪುತ್ತದೆ. ಒಮ್ಮೆ ನಾರ್ಮಲೈಸ್ ಆದದ್ದು ಮುಂದೆಯೂ ಹಾಗೇ ಇರಬೇಕು ಅಂತ ಯೂನಿಕೋಡ್‌ನವರು ಮಾತು ಕೊಟ್ಟಿದ್ದಾರೆ. ಚುಕ್ಕಿಯ ಎನ್, ಎಲ್, ಟಿ, ಡಿ ಎಲ್ಲಾ ಅದಕ್ಕೂ ಮೊದಲೇ, 1993ರ ಯೂನಿಕೋಡ್ 1.1ರಲ್ಲೇ ಒಳಗೆ ಬಂದಿದ್ದವು. ಮೊದಲು ಬಂದವರಿಗೆ ಸೀಟು ಸಿಕ್ಕಿತು, ಅಷ್ಟೇ. ಆಫ್ರಿಕಾದ ಯೊರುಬಾ ಭಾಷೆಯವರದ್ದೂ ಇದೇ ಗೋಳು. ಅವರಿಗೆ ಕೆಳಗೆ ಚುಕ್ಕಿ, ಮೇಲೆ ಸ್ವರದ ಏರಿಳಿತದ ಗೀಟು, ಎರಡೂ ಇರುವ ಇ ಬೇಕು. ಅದಕ್ಕೂ ಒಂಟಿ ಸಂಖ್ಯೆ ಇಲ್ಲ. ವಿಯೆಟ್ನಾಮಿನವರಿಗೆ ಎರಡೆರಡು ಗುರುತು ಹೊತ್ತ ಅಕ್ಷರಗಳು ಒಂಟಿ ಸಂಖ್ಯೆಯಲ್ಲೇ ಸಾಲಾಗಿ ಸಿಕ್ಕಿವೆ. ನ್ಯಾಯ ಅಂತ ನಾನು ಹೇಳಲ್ಲ.

ಮಾತು ಕೊಟ್ಟರೆ ಎಷ್ಟು ಗಟ್ಟಿ ಅನ್ನುವುದಕ್ಕೆ ಕನ್ನಡದ್ದೇ ಉದಾಹರಣೆ ಇದೆ. ಶಾಸನದವರು ಹೇಳಿದ ೞ ಇದೆಯಲ್ಲ, 0ಸಿಡಿಇ, ಅದಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಇಂದಿಗೂ ಇರುವ ಹೆಸರು 'ಕನ್ನಡ ಅಕ್ಷರ ಫ'.

ಶಾಸನದಹುಚ್ಚು:

ಏನು? ಫ?! ೞ ಗೂ ಫ ಗೂ ಏನು ಸಂಬಂಧ?

ಕೋಡ್‌ಗುಬ್ಬಿ:

ಇಂಗ್ಲಿಷಿನ ಎಫ್ ಉಚ್ಚಾರದ ಫ. ಸಂಬಂಧ ಏನೂ ಇಲ್ಲ. ತಪ್ಪು ಹೆಸರು ಬಿದ್ದಿದೆ, ಹೆಸರು ಬದಲಿಸುವುದಿಲ್ಲ ಅನ್ನುವ ನಿಯಮ ಇದೆ, ಆದ್ದರಿಂದ ಹಾಗೇ ಇದೆ. ಪಕ್ಕದಲ್ಲಿ ತಿದ್ದುಪಡಿಯ ಪರ್ಯಾಯ ಹೆಸರು ಕೊಟ್ಟು ಸುಮ್ಮನಾಗಿದ್ದಾರೆ. ಲ್ಯಾಟಿನ್‌ನಲ್ಲೂ ಇದಕ್ಕೆ ಜೋಡಿ ಇದೆ. 01ಎ2 ಅನ್ನುವ ಅಕ್ಷರ, 1920, 30ರ ದಶಕದಲ್ಲಿ ಸೋವಿಯತ್ ಒಕ್ಕೂಟದ ತುರ್ಕಿ ಬಳಗದ ಭಾಷೆಗಳನ್ನು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದಾಗ ಬಳಸಿದ್ದು, ಘ ಥರದ ಧ್ವನಿ. ನೋಡಲು ಒ ಮತ್ತು ಐ ಅಂಟಿಸಿದ ಹಾಗಿದೆ. ಪಟ್ಟಿಯಲ್ಲಿ ಅದರ ಹೆಸರೂ 'ಒಐ' ಎಂದೇ ಆಗಿಹೋಗಿದೆ. ಹೆಸರು ಏನಿದ್ದರೂ ಅಕ್ಷರ ಕೆಲಸ ಮಾಡುತ್ತದೆ, ಕಂಪ್ಯೂಟರಿಗೆ ಬೇಕಾದ್ದು ಸಂಖ್ಯೆ.

ನೇರನುಡಿ:

ಅದಕ್ಕೇ ಹೇಳಿದ್ದು, ನಮ್ಮ ಅಕ್ಷರದ ಹೆಸರನ್ನು ನಾವು ಕೂತು ನೋಡದಿದ್ದರೆ ಫ ಆಗುತ್ತದೆ ಎಂದು. ಇರಲಿ. ಶಾಸನದವರ ಮೂರು ಲಿಪಿಯ ಮಾತು ಒಪ್ಪುತ್ತೇನೆ, ಹೋಲಿಕೆಗೆ ರೋಮನ್ ಬೇಕು. ಕನ್ನಡ ಪಾಠ ಮಾತ್ರ ಬಿಡಬೇಡಿ.

ಅಚ್ಚುಮೊಳೆ:

ಫಾಂಟ್ ಮಾಡುವವನು ನಾನು, ಸೊನ್ನೆ ಜಾರಿದ ವಿಷಯಕ್ಕೆ ಬರುತ್ತೇನೆ. ಇದುವರೆಗೆ ಎಲ್ಲರೂ ಸಂಖ್ಯೆಯ ಬಗ್ಗೆ ಮಾತಾಡಿದಿರಿ. ಸಂಖ್ಯೆ ಸರಿ ಇದ್ದರೂ ಚಿತ್ರ ಬಿಡಿಸುವುದು ಫಾಂಟು.

ಒಳ್ಳೆಯ ಫಾಂಟಿನಲ್ಲಿ ಪ್ರತಿ ಅಕ್ಷರದ ಕೆಳಗೆ, ಮೇಲೆ ಕಣ್ಣಿಗೆ ಕಾಣದ ಕೊಂಡಿಗಳನ್ನು ಇಟ್ಟಿರುತ್ತೇವೆ. ಸೊನ್ನೆಗೂ ಒಂದು ಕೊಂಡಿ. ಬರಹವನ್ನು ಜೋಡಿಸುವ ಎಂಜಿನ್, ಹಾರ್ಫ್‌ಬಝ್ ಥರದ್ದು, ಎರಡು ಕೊಂಡಿಗಳನ್ನೂ ಒಂದೇ ಬಿಂದುವಿಗೆ ತರುತ್ತದೆ. ಕನ್ನಡ ಒತ್ತಕ್ಷರ ಕೂರಿಸುವುದೂ ಇಂಥದ್ದೇ ಕೋಷ್ಟಕಗಳಿಂದ. ಫಾಂಟಿನಲ್ಲಿ ಕೊಂಡಿ ಇಲ್ಲದಿದ್ದರೆ ಸೊನ್ನೆ ಅಂದಾಜಿನ ಮೇಲೆ ಬೀಳುತ್ತದೆ. ಅಗಲವಾದ ಎಂ ಇರಲಿ, ಕಡ್ಡಿಯಂಥ ಎಲ್ ಇರಲಿ, ಅದೇ ಅಂದಾಜು. ಚಿಕ್ಕ ಆರ್‌ಗೆ ಎಡಗಡೆ ಮಾತ್ರ ಕಾಲು, ಬಲಗಡೆ ಖಾಲಿ. ಹಾಗಾಗಿ ಆರ್ ಕೆಳಗೆ ತಪ್ಪಿದರೆ ಬಹಳ ಎದ್ದು ಕಾಣುತ್ತದೆ. ನಿಮ್ಮ ಪತ್ರಿಕೆಯವರ ಫಾಂಟಿನಲ್ಲಿ 0325ಕ್ಕೆ ಕೊಂಡಿ ಇಲ್ಲ, ಅಥವಾ ಆ ಸೊನ್ನೆಯೇ ಇಲ್ಲದೆ ಬೇರೆ ಫಾಂಟಿನಿಂದ ತಂದಿದ್ದಾರೆ. ಒಂದು ಫಾಂಟಿನ ಅಕ್ಷರಕ್ಕೆ ಇನ್ನೊಂದು ಫಾಂಟಿನ ಗುರುತು ಕೂರಿಸಲು ಆಗುವುದಿಲ್ಲ.

ದಪ್ಪ ಣ ಕೂಡ ಇದೇ. ಫಾಂಟಿನಲ್ಲಿ ಚುಕ್ಕಿಯ ಎನ್ ಇಲ್ಲ, ಅದೊಂದನ್ನೇ ಬೇರೆ ಫಾಂಟಿನಿಂದ ಎರವಲು ತಂದಿದೆ. ಎಲ್ಲೂ ಸಿಗದಿದ್ದರೆ ಖಾಲಿ ಚೌಕ. ಅದಕ್ಕೆ ನಾವು ಟೋಫು ಅಂತೀವಿ. ಗೂಗಲ್‌ನ ನೋಟೋ ಫಾಂಟಿಗೆ ಆ ಹೆಸರು ಬಂದದ್ದೂ ಟೋಫು ಇರಬಾರದು ಎಂದೇ.

ಮತ್ತೊಂದು ವಿಷಯ, ತಿಮ್ಮ ಅವರ ಐ ಬಗ್ಗೆ. ಮಾಮೂಲಿ ಸಣ್ಣ ಐ ಮೇಲೆ ದೀರ್ಘದ ಗೆರೆ ಹಾಕಿದರೆ ಅದರ ಸ್ವಂತ ಚುಕ್ಕಿ ಮಾಯ ಆಗಬೇಕು. ಚುಕ್ಕಿಯ ಮೇಲೆ ಗೆರೆ ಬಂದರೆ ಅಸಹ್ಯ. ಇದು ಫಾಂಟಿಗೆ ಗೊತ್ತಿರಬೇಕು. ಆದರೆ ಲಿಥುವೇನಿಯಾದ ನಿಘಂಟುಗಳಲ್ಲಿ ಚುಕ್ಕಿಯೂ ಉಳಿದು ಅದರ ಮೇಲೆ ಗೀಟೂ ಬರಬೇಕು! ಲಾಟ್ವಿಯಾದವರ ಎಲ್, ಎನ್ ಕೆಳಗೆ ಬರುವುದು ಅಲ್ಪವಿರಾಮ. ಪೆಸಿಫಿಕ್‌ನ ಮಾರ್ಷಲ್ ದ್ವೀಪದವರಿಗೆ ಅದೇ ಸಂಖ್ಯೆಯಲ್ಲಿ ನಿಜವಾದ ಕೊಕ್ಕೆ ಬೇಕು. ಸಂಖ್ಯೆ ಒಂದೇ, ಚಿತ್ರ ಎರಡು. ಬರಹದ ಭಾಷೆ ಯಾವುದೆಂದು ಗುರುತು ಹಾಕಿರದಿದ್ದರೆ ಫಾಂಟ್ ಏನು ಮಾಡೀತು? ಬಹಳ ಕಡೆ ಲಾಟ್ವಿಯಾದವರೇ ಗೆಲ್ಲುತ್ತಾರೆ.

ಶಾಸನದವರಿಗೆ: ಜೆಂಟಿಯಮ್ ಅಥವಾ ಕ್ಯಾರಿಸ್ ಫಾಂಟ್ ಬಳಸಿ. ಎರಡೂ ಎಸ್‌ಐಎಲ್ ಅನ್ನುವ ಭಾಷಾ ಸಂಸ್ಥೆಯವರದ್ದು, ಉಚಿತ, ಇಂಥ ಕೆಲಸಕ್ಕೇ ಮಾಡಿದ್ದು. ಪತ್ರಿಕೆಯವರಿಗೂ ಅದನ್ನೇ ಕಳಿಸಿ, ಅದರಲ್ಲಿ ಹಾಕಿ ಅಂತ ಹೇಳಿ. ೠ ಬಂದರೆ ಆರ್ ಕೆಳಗೆ ಸೊನ್ನೆ, ಮೇಲೆ ಗೆರೆ, ಎರಡೂ ಬೇಕಲ್ಲ, ಅದನ್ನು ಒಮ್ಮೆ ಬರೆದು ನೋಡಿ. ಅದು ಸರಿ ಕೂತರೆ ಉಳಿದದ್ದೆಲ್ಲ ಕೂತ ಹಾಗೆ.

ಶಾಸನದಹುಚ್ಚು:

ಜೆಂಟಿಯಮ್ ಹಾಕಿದೆ, ೠ ಕೂಡ ಸೊಗಸಾಗಿ ಕೂತಿದೆ. ಪತ್ರಿಕೆಯವರು ಫಾಂಟ್ ಬದಲಿಸಲು ಒಪ್ಪಿದ್ದಾರೆ. ಎನ್‌ಎಫ್‌ಸಿ ಆದ ಮೇಲೆ ಹುಡುಕಾಟವೂ ಸರಿ. ಆದರೆ ಹಳೆಯ ಟಿಪ್ಪಣಿಗಳಿಂದ ತಂದ ಕೆಲವು ಪುಟಗಳಲ್ಲಿ ೞ, ಱ ಗಳ ಗೆರೆಯೇ ಇಲ್ಲ. ವರ್ಡ್‌ನಲ್ಲಿ ಇತ್ತು, ಇಮೇಲ್‌ಗೆ ಹಾಕಿದರೆ ಮಾಯ.

ಹಳೇಡಿಟಿಪಿ:

ಅದು ವರ್ಡ್‌ನ ಅಂಡರ್‌ಲೈನ್ ಗುಂಡಿ ಒತ್ತಿ ಹಾಕಿದ ಗೆರೆ ಇರಬೇಕು. ನಮ್ಮ ಅಂಗಡಿಗೆ ಬರುತ್ತಿದ್ದ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಹಾಗೇ. ಅದು ಅಕ್ಷರದ ಭಾಗ ಅಲ್ಲ, ದಪ್ಪ, ಓರೆ ಇದ್ದ ಹಾಗೆ ಮೇಲಿನ ಅಲಂಕಾರ. ಸಾದಾ ಪಠ್ಯ ಮಾಡಿದರೆ ಉದುರಿ ಹೋಗುತ್ತದೆ, ನಿಮ್ಮ ೞ ಬರೀ ಲ ಆಗುತ್ತದೆ. ಉದುರುವ ಮೊದಲು ವರ್ಡ್ ಪ್ರತಿಯಲ್ಲೇ ಸರಿ ಮಾಡಿ. ಹುಡುಕಿ-ಬದಲಿಸಿ ಪೆಟ್ಟಿಗೆಯಲ್ಲಿ 'ಅಂಡರ್‌ಲೈನ್ ಇರುವ ಎಲ್' ಎಂದು ಹುಡುಕಬಹುದು, ಫಾರ್ಮ್ಯಾಟ್ ಅನ್ನುವ ಗುಂಡಿ ಇದೆ ಅಲ್ಲಿ. ಬದಲಿಗೆ ನಿಜವಾದ ಗೆರೆಯ ಎಲ್ ಹಾಕಿ, 1ಇ3ಬಿ. ಆರ್‌ಗೆ 1ಇ5ಎಫ್. ಬದಲಿಸುವಾಗ ಅಂಡರ್‌ಲೈನ್ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಎರಡು ಗೆರೆ ಬರುತ್ತದೆ. ಪದಕ್ಕೆ ಪದವೇ ಅಂಡರ್‌ಲೈನ್ ಮಾಡಿದ ಶೀರ್ಷಿಕೆಗಳು ಇದ್ದರೆ ಒಂದೊಂದೇ ನೋಡಿ ಬದಲಿಸಿ, ಒಟ್ಟಿಗೆ ಬೇಡ.

ಕೋಡ್‌ಗುಬ್ಬಿ:

ಬಿಡಿ ಗೆರೆ ಬಳಸುವುದಾದರೆ 0331 ಹಾಕಿ, 0332 ಅಲ್ಲ. ನೋಡಲು ಎರಡೂ ಹೆಚ್ಚೂ ಕಡಿಮೆ ಒಂದೇ, ಆದರೆ ಎನ್‌ಎಫ್‌ಸಿ ಕೂಡಿಸುವುದು 0331 ಅನ್ನು ಮಾತ್ರ.

ಮಲ್ಲಿಗೆಬಳ್ಳಿ:

ಇವನ್ನೆಲ್ಲ ಟೈಪ್ ಮಾಡುವುದು ಹೇಗೆ? ನಾನು ಇದುವರೆಗೆ ಎಲ್ಲಿಂದಲಾದರೂ ನಕಲು ಮಾಡಿ ಅಂಟಿಸುತ್ತಿದ್ದೆ.

ಟೆಸ್ಟಿಂಗ್‌ತಿಮ್ಮ:

ವಿಂಡೋಸ್‌ನ ವರ್ಡ್‌ನಲ್ಲಿ ಸಂಖ್ಯೆ ಬರೆದು, ಅಂದರೆ 1ಇ47 ಅಂತ ಇಂಗ್ಲಿಷ್ ಕೀಲಿಯಲ್ಲಿ ಹೊಡೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿ ಅಕ್ಕ. ಅಕ್ಷರ ಆಗುತ್ತದೆ. ಕರ್ಸರನ್ನು ಅಕ್ಷರದ ಬಲಕ್ಕೆ ಇಟ್ಟು ಮತ್ತೆ ಅದನ್ನೇ ಒತ್ತಿದರೆ ಸಂಖ್ಯೆ ತೋರಿಸುತ್ತದೆ, ಯಾವ ರೂಪ ಇದೆ ಅಂತ ಪರೀಕ್ಷೆ ಮಾಡಲು ಇದು ಬಹಳ ಉಪಯೋಗ. ಲಿನಕ್ಸ್‌ನಲ್ಲಿ ಕಂಪೋಸ್ ಕೀಲಿ ಇಟ್ಟುಕೊಂಡರೆ ಅದು, ಆಶ್ಚರ್ಯಸೂಚಕ, ಆಮೇಲೆ ಎನ್. ಮ್ಯಾಕ್‌ನಲ್ಲಿ ಎಬಿಸಿ ಎಕ್ಸ್‌ಟೆಂಡೆಡ್ ಅನ್ನುವ ಕೀಬೋರ್ಡ್ ಆರಿಸಿಕೊಳ್ಳಿ, ಆಪ್ಷನ್ ಹಿಡಿದು ಎಕ್ಸ್, ಆಮೇಲೆ ಅಕ್ಷರ.

ಶಾಸನದಹುಚ್ಚು:

ಒಂದೇ ಒಂದು ಉಳಿದಿದೆ. ಪತ್ರಿಕೆಯವರ ಹೊಸ ಪಿಡಿಎಫ್ ಬಂತು. ನೋಡಲು ಚೆನ್ನಾಗಿದೆ. ಅದರಿಂದ ಒಂದು ಸಾಲು ನಕಲು ಮಾಡಿ ಅಂಟಿಸಿದರೆ ಮಾತ್ರ ಕೆಲವು ಅಕ್ಷರ ಪ್ರಶ್ನಾರ್ಥಕ ಚಿಹ್ನೆ ಆಗುತ್ತವೆ.

ಅಚ್ಚುಮೊಳೆ:

ಪಿಡಿಎಫ್ ಒಳಗೆ ಇರುವುದು ಫಾಂಟಿನ ಚಿತ್ರಗಳ ಕ್ರಮಸಂಖ್ಯೆ. ಯಾವ ಚಿತ್ರ ಯಾವ ಯೂನಿಕೋಡ್ ಅಕ್ಷರ ಅನ್ನುವ ಪಟ್ಟಿಯನ್ನು ಬೇರೆಯಾಗಿ ಸೇರಿಸಬೇಕು, ಅದರ ಹೆಸರು 'ಟುಯೂನಿಕೋಡ್'. ಅದು ಇಲ್ಲದಿದ್ದರೂ ಅಚ್ಚಿಗೆ ತೊಂದರೆ ಇಲ್ಲ, ನಕಲು ಮತ್ತು ಹುಡುಕಾಟಕ್ಕೆ ತೊಂದರೆ. ಆ ಪಿಡಿಎಫ್ ಅಂತರ್ಜಾಲಕ್ಕೆ ಹೋಗುವುದಾದರೆ ಆ ಪಟ್ಟಿ ಇರಲೇಬೇಕು, ಇಲ್ಲವಾದರೆ ಯಾರೂ ನಿಮ್ಮ ೞ ಪದಗಳನ್ನು ಹುಡುಕಿ ತಲುಪಲಾರರು. ಪಿಡಿಎಫ್ ಮಾಡುವ ತಂತ್ರಾಂಶದಲ್ಲಿ ಅದನ್ನು ಸೇರಿಸುವ ಆಯ್ಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅವರಿಗೆ ಬರೆಯಿರಿ, ಯಾವ ಅಕ್ಷರಗಳು ಹಾಳಾಗುತ್ತಿವೆ ಎಂದು ಸಂಖ್ಯೆ ಸಮೇತ ಪಟ್ಟಿ ಕೊಟ್ಟರೆ ಬೇಗ ಮಾಡುತ್ತಾರೆ.

ಶಾಸನದಹುಚ್ಚು:

ಪಟ್ಟಿ ಮಾಡಿ ಕಳಿಸಿದೆ. 0325 ಮೊದಲನೆಯದು.